ಬೋಲ್ಡರ್‌ನ ಬಿಸಿಲು, ಬೆಂಗಳೂರಿನ ಮನೆ

1784ರಲ್ಲಿ ಫ್ರಾನ್ಸಿನ ವಾಸ್ತುಶಿಲ್ಪಿ ಎತಿಯೆನ್ ಲೂಯಿ ಬುಲ್ಲೆ ವಿಜ್ಞಾನಿ ನ್ಯೂಟನ್‌ಗೆಂದು ಒಂದು ಸ್ಮಾರಕವನ್ನು ಕಲ್ಪಿಸಿಕೊಂಡ. ಸುಮಾರು 150 ಮೀಟರ್ ಎತ್ತರದ ಟೊಳ್ಳು ಗೋಲ, ಅದರ ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಏರುವ ಕಟ್ಟೆಗಳು, ಕಟ್ಟೆಗಳ ಮೇಲೆ ಸೈಪ್ರೆಸ್ ಮರಗಳ ಸಾಲು. ಬುಡದಲ್ಲಿ ನಿಂತ ಮನುಷ್ಯರನ್ನು ಹುಡುಕಿ ನೋಡಬೇಕು, ಅಷ್ಟು ಸಣ್ಣವರು. ಅಂಥದ್ದನ್ನು ಕಲ್ಲಿನಲ್ಲಿ ಕಟ್ಟುವ ತಾಕತ್ತು ಆ ಕಾಲಕ್ಕೆ ಇರಲಿಲ್ಲ. ಸ್ಮಾರಕ ಮೇಲೇಳಲೇ ಇಲ್ಲ. ಆದರೆ ಅವನ ಚಿತ್ರಗಳು ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಉಳಿದಿವೆ, ಜಗತ್ತಿನ ಯಾವುದೇ ಆರ್ಕಿಟೆಕ್ಚರ್ ಕಾಲೇಜಿಗೆ ಹೋದರೂ ಅವುಗಳ ಮಾತು ಬರುತ್ತದೆ.

ಆ ಚಿತ್ರಗಳಲ್ಲಿ ನನಗೆ ಅತ್ಯಂತ ಪ್ರಿಯವಾದವು ಹೊರನೋಟದವಲ್ಲ, ಗೋಲವನ್ನು ನಡುವೆ ಸೀಳಿ ಒಳಗನ್ನು ತೋರಿಸುವ ಸೆಕ್ಷನ್‌ಗಳು. ಹಗಲಿನಲ್ಲಿ ಗೋಲದ ಮೈಗೆ ಕೊರೆದ ತೂತುಗಳಿಂದ ಬೆಳಕು ಸೋಸಿ ಬಂದು ಒಳಗೆ ನಕ್ಷತ್ರಗಳ ರಾತ್ರಿಯಾಗುತ್ತದೆ. ರಾತ್ರಿ ಹೊತ್ತು ನಡುಮಧ್ಯದಲ್ಲಿ ತೂಗುಬಿಟ್ಟ ದೀಪ ಬೆಳಗಿ ಒಳಗೆ ಹಗಲಾಗುತ್ತದೆ. ಹಗಲಿಗೊಂದು, ಇರುಳಿಗೊಂದು ಚಿತ್ರ ಬರೆದು ಬುಲ್ಲೆ ತನ್ನ ಉಪಾಯವನ್ನು ಬಿಚ್ಚಿಟ್ಟ. ಅದು ನಡೆಯುತ್ತದೋ ಇಲ್ಲವೋ ಎಂದು ನೋಡುಗ ತಾನೇ ಲೆಕ್ಕ ಹಾಕಬಹುದು. ಕಟ್ಟದ ಕಟ್ಟಡವೊಂದು ಇನ್ನೂರು ವರ್ಷ ದಾಟಿಯೂ ಚರ್ಚೆಯಲ್ಲಿರುವುದು ಈ ಬಿಚ್ಚುಮನಸ್ಸಿನಿಂದ.

ಕಾಗದದ ಮೇಲಿನ ವಿನ್ಯಾಸಕ್ಕೆ ಹಂಚಿಕೊಂಡಾಗಲೇ ಜೀವ. ವಾಸ್ತುಶಿಲ್ಪಿ ಜಾಹಾ ಹದೀದ್ 1983ರಲ್ಲಿ ಹಾಂಗ್‌ಕಾಂಗ್‌ನ ‘ದಿ ಪೀಕ್’ ಸ್ಪರ್ಧೆ ಗೆದ್ದದ್ದು ತಮ್ಮ ವರ್ಣಚಿತ್ರಗಳ ಬಲದಿಂದ. ಅದೂ ಕಟ್ಟಡವಾಗಲಿಲ್ಲ. ಆದರೂ ಹತ್ತು ವರ್ಷದ ನಂತರ ಜರ್ಮನಿಯಲ್ಲಿ ಅವರ ಅಗ್ನಿಶಾಮಕ ಠಾಣೆ ಮೇಲೇಳುವ ಹೊತ್ತಿಗೆ ಜಗತ್ತಿಗೆ ಅವರು ಅಪರಿಚಿತರಾಗಿರಲಿಲ್ಲ.

ಈಗ ಕುಂಚದ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 1984ರಲ್ಲಿ ಒಂದು ಪೆಟ್ಟಿಗೆಯ ಚಿತ್ರ ಪ್ರಕಟಿಸಿದರು. ಒಂದು ಪಕ್ಕದ ಗೋಡೆ ಕೆಂಪು, ಎದುರಿನದು ನೀಲಿ, ಉಳಿದದ್ದೆಲ್ಲ ಬಿಳಿ. ಕೆಂಪು ಗೋಡೆಯಿಂದ ಪುಟಿದ ಬೆಳಕು ಪಕ್ಕದ ಬಿಳಿಯ ಮೇಲೆ ನಸುಗೆಂಪಾಗಿ ಹರಡಿತ್ತು. ಚಿತ್ರಕಾರರು ಕಣ್ಣಂದಾಜಿನಲ್ಲಿ ಬಳಿಯುತ್ತಿದ್ದ ಛಾಯೆ ಅಲ್ಲಿ ಲೆಕ್ಕದಿಂದ ಹುಟ್ಟಿತ್ತು. ಎರಡು ವರ್ಷದ ಬಳಿಕ ಜೇಮ್ಸ್ ಕಜಿಯಾ ಬೆಳಕಿನ ಈ ಓಡಾಟವನ್ನೆಲ್ಲ ಒಂದೇ ಸಮೀಕರಣದಲ್ಲಿ ಹಿಡಿದರು. ಇಂದಿನ ರೆಂಡರಿಂಗ್ ತಂತ್ರಾಂಶಗಳು ಆ ಬುನಾದಿಯ ಮೇಲೆ ನಿಂತಿವೆ. 2002ರಲ್ಲಿ ಬಳಕೆದಾರರೇ ಒಂದು ಲಕ್ಷ ಯೂರೋ ಕೂಡಿಸಿ ಬ್ಲೆಂಡರ್ ತಂತ್ರಾಂಶವನ್ನು ಎಲ್ಲರಿಗೂ ಮುಕ್ತವಾಗಿಸಿದರು. ಹುಬ್ಬಳ್ಳಿಯ ವಿದ್ಯಾರ್ಥಿಯೂ ದುಡ್ಡು ಕೊಡದೆ ಅದನ್ನು ಇಳಿಸಿಕೊಂಡು ಕಲಿಯಬಹುದು. ಇದನ್ನು ನೆನೆದಾಗಲೆಲ್ಲ ನನಗೆ ಹಿಗ್ಗಾಗುತ್ತದೆ.

ಆದರೆ ಆರ್ಕಿಟೆಕ್ಚರ್ ವಿದ್ಯಾರ್ಥಿಗಳು ಹಂಚಿಕೊಳ್ಳುವ ಕೆಲಸ ನೋಡುವಾಗ ಒಂದು ಸಂಕಟವೂ ಇದೆ. ಕಂಪ್ಯೂಟರಿನಲ್ಲಿ ಇಡೀ ಮನೆಯ ತ್ರೀ-ಡಿ ಮಾದರಿ ಇರುತ್ತದೆ. ತಿರುಗಿಸಬಹುದು, ಸೀಳಬಹುದು, ಮೆಟ್ಟಿಲು ಹತ್ತುವವನ ತಲೆ ತೊಲೆಗೆ ತಾಗುತ್ತದೆಯೇ ಎಂದು ಅಳೆಯಬಹುದು. ಬುಲ್ಲೆಗೆ ಕನಸಿನಲ್ಲೂ ಸಿಗದಿದ್ದ ಸೌಲಭ್ಯ ಇದು. ಅಷ್ಟಿದ್ದೂ ಹೊರಗೆ ಬರುವುದು ಸಂಜೆಗೆಂಪಿನಲ್ಲಿ ಮಿಂದ ಒಂದೇ ಒಂದು ಚಿತ್ರ.

ಆ ಚಿತ್ರದ ಬಿಸಿಲನ್ನೇ ತೆಗೆದುಕೊಳ್ಳಿ. ನಮ್ಮ ವಿದ್ಯಾರ್ಥಿಗಳಿಗೆ ಬಲು ಪ್ರಿಯವಾದ ಸ್ಕೆಚ್‌ಅಪ್ ತಂತ್ರಾಂಶ ಹುಟ್ಟಿದ್ದು ಅಮೆರಿಕದ ಕೊಲರಾಡೋ ರಾಜ್ಯದ ಬೋಲ್ಡರ್ ನಗರದಲ್ಲಿ. ಊರು ಯಾವುದೆಂದು ನಾವು ಹೇಳದಿದ್ದರೆ ಅದು ಬೋಲ್ಡರ್‌ನ ಸೂರ್ಯನನ್ನೇ ಲೆಕ್ಕಕ್ಕೆ ಹಿಡಿಯುತ್ತ ಬಂದಿದೆ. ಬೋಲ್ಡರ್ ಇರುವುದು 40 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಬೆಂಗಳೂರು 13ರಲ್ಲಿ. ಡಿಸೆಂಬರ್ ಕೊನೆಯ ನಡುಮಧ್ಯಾಹ್ನ ಅಲ್ಲಿ ಸೂರ್ಯ 27 ಡಿಗ್ರಿಯಷ್ಟೇ ಮೇಲಿರುತ್ತಾನೆ, ಇಲ್ಲಿ 54 ಡಿಗ್ರಿ. ಚಿತ್ರದಲ್ಲಿ ದಕ್ಷಿಣದ ಕಿಟಕಿಯಿಂದ ನಡುಮನೆಯ ತನಕ ಚಾಚಿದ ಚೆಂದದ ಬಿಸಿಲು ಬೆಂಗಳೂರಿನಲ್ಲಿ ಕಿಟಕಿಯ ಹತ್ತಿರವೇ ನಿಂತುಬಿಡುತ್ತದೆ.

ಬೇಸಿಗೆಯ ಪೆಟ್ಟು ಇನ್ನೂ ಜೋರು. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಬೆಂಗಳೂರಿನ ಶಾಲಾ ಮಕ್ಕಳು ಅಂಗಳದಲ್ಲಿ ಕೋಲು ನೆಟ್ಟು ಶೂನ್ಯ ನೆರಳಿನ ದಿನ ಆಚರಿಸುತ್ತಾರಲ್ಲ, ಆ ಎರಡು ದಿನಗಳ ನಡುವೆ ನಮ್ಮ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಬೋಲ್ಡರ್‌ನಲ್ಲಿ ಇದು ಎಂದೂ ಆಗದು. ಅಲ್ಲಿಯ ಬಿಸಿಲನ್ನು ನಂಬಿ ಉತ್ತರದ ಗೋಡೆಗೆ ಸಜ್ಜಾ ಇಲ್ಲದೆ ನೆಲದಿಂದ ತಾರಸಿಯವರೆಗೆ ಗಾಜು ಹಾಕಿದವರ ಚಿತ್ರ ತಂಪಾಗಿಯೇ ಕಾಣುತ್ತದೆ, ಮನೆ ಮೇ ತಿಂಗಳಲ್ಲಿ ಕಾಯುತ್ತದೆ. ಸರಿಪಡಿಸಲು ಊರಿನ ಹೆಸರು ಬದಲಿಸಿದರೆ ಸಾಕು, ನಿಮಿಷದ ಕೆಲಸ. ಸಿದ್ಧ ಸಂಗ್ರಹದಿಂದ ಎತ್ತಿ ನಿಲ್ಲಿಸುವ ಮೇಪಲ್, ಬರ್ಚ್ ಮರಗಳಿಗೂ ಇದೇ ಮಾತು. ಹೊಂಗೆಯ ನೆರಳು ಎಷ್ಟು ದಟ್ಟ ಎಂಬುದು ಅವುಗಳಿಂದ ತಿಳಿಯುವುದಿಲ್ಲ.

ಮಾರಾಟಕ್ಕಿಟ್ಟ ಮನೆಯ ಚಿತ್ರಕ್ಕೆ ಕಾನೂನಿನ ಕಾವಲಿದೆ. 2016ರ ರಿಯಲ್ ಎಸ್ಟೇಟ್ (ರೇರಾ) ಕಾಯ್ದೆಯ 12ನೇ ಕಲಮಿನ ಪ್ರಕಾರ ಸುಳ್ಳು ಜಾಹೀರಾತು ನಂಬಿ ಮುಂಗಡ ಕೊಟ್ಟು ನಷ್ಟವಾದವರಿಗೆ ಬಿಲ್ಡರ್ ಪರಿಹಾರ ಕೊಡಬೇಕು. ಕಲ್ಪನೆಯ ವಿನ್ಯಾಸಕ್ಕೆ ಅಂಥ ಕಾವಲು ಬೇಡ. ಅಲ್ಲಿ ತಪ್ಪುವುದಕ್ಕೂ ಹಕ್ಕಿದೆ, ಗೋಲಾಕಾರದ ಮನೆಯ ಕನಸನ್ನೂ ಕಾಣಬಹುದು. ಆದರೆ ಚಿತ್ರವೊಂದನ್ನೇ ಮುಂದಿಟ್ಟರೆ ನೋಡಿದವರು ‘ಸೂಪರ್’ ಎಂದು ಮುಂದೆ ಹೋಗುತ್ತಾರೆ, ಅದರಿಂದ ಬರೆದವರಿಗೆ ಕಲಿಯುವುದೇನೂ ಸಿಗುವುದಿಲ್ಲ. ಸೆಕ್ಷನ್ ಇಟ್ಟರೆ ಯಾರೋ ಒಬ್ಬರು ‘ಈ ಮೆಟ್ಟಿಲ ಕೆಳಗೆ ತಲೆ ತಾಗುತ್ತದಲ್ಲ’ ಎನ್ನುತ್ತಾರೆ. ಆ ಮಾತಿಗಾಗಿಯೇ ಅಲ್ಲವೇ ಹಂಚಿಕೊಳ್ಳುವುದು?

ಆರ್ಕಿಟೆಕ್ಚರ್ ಓದುತ್ತಿರುವ ತಮ್ಮ ತಂಗಿಯರಲ್ಲಿ ನನ್ನದೊಂದು ಬೇಡಿಕೆ. ಮುಂದಿನ ಸಲ ನಿಮ್ಮ ಚಿತ್ರದ ಪಕ್ಕದಲ್ಲಿ ಪ್ಲಾನ್, ಒಂದು ಸೆಕ್ಷನ್, ಉತ್ತರದ ಬಾಣ ಇಡಿ. ಯಾವ ಊರು, ಯಾವ ತಿಂಗಳು, ಎಷ್ಟು ಗಂಟೆಯ ಬಿಸಿಲು ಎಂದು ಕೆಳಗೆ ಒಂದು ಸಾಲು ಬರೆಯಿರಿ. ಸಾಧ್ಯವಾದರೆ ಮಾದರಿಯ ಫೈಲನ್ನೂ ಕೊಡಿ.