ಬಿಟ್ಟವನನ್ನು ಮರಳಿ ಕಟ್ಟುವ ಅಧಿಕಾರಕ್ಕೆ ಮಿತಿ ಬೇಡವೇ?

ಸೆಶನ್ಸ್ ನ್ಯಾಯಾಲಯವು ಒಬ್ಬ ಆಪಾದಿತನನ್ನು ನಿರ್ದೋಷಿಯೆಂದು ಬಿಟ್ಟೊಡನೆಯೇ, ನ್ಯಾಯವು ಸತ್ತಿತು, ಸರಕಾರವು ಅಪೀಲು ಹೂಡಲಿ, ಹಾಯಕೋರ್ಟು ಅವನನ್ನು ಶಿಕ್ಷಿಸಲಿ ಎಂದು ಕೂಗುವ ಮಹಾಶಯರು ಊರೂರಿನಲ್ಲಿ ಇರುವರು. ಅವರ ಕಳಕಳಿಯನ್ನು ನಾವು ಹಳಿಯುವುದಿಲ್ಲ. ಅವರ ತರ್ಕವನ್ನು ಮಾತ್ರ ಒಪ್ಪಲಾರೆವು. ಅಪೀಲೆಂಬುದು ತಪ್ಪಿದ ಬೇಟೆಯನ್ನು ಎರಡನೆಯ ಸಲ ಆಡುವ ಅವಕಾಶವಲ್ಲ.

ಈ ಅಧಿಕಾರದ ಹುಟ್ಟನ್ನು ವಾಚಕರು ಮರೆಯಬಾರದು. ಆ ಕಾಲದ ಇಂಗ್ಲಂಡದಲ್ಲಿ ಜ್ಯೂರಿಯು ಬಿಟ್ಟವನ ಮೇಲೆ ಸರಕಾರವು ಅಪೀಲು ಹೋಗುವಂತಿರಲಿಲ್ಲ. 1861ರ ದಂಡಪ್ರಕ್ರಿಯಾ ಸಂಹಿತೆಯು ನಮ್ಮಲ್ಲಿಯೂ ಅದಕ್ಕೆ ಎಡೆಗೊಟ್ಟಿರಲಿಲ್ಲ. 1872ರ ಸಂಹಿತೆಯು ಸರಕಾರದ ಕೈಗೆ ಈ ಅಸ್ತ್ರವನ್ನಿತ್ತಿತು. ತಮ್ಮ ನಾಡಿನಲ್ಲಿ ಸಲ್ಲದುದನ್ನು ಆಳುವವರು ನಮ್ಮ ನಾಡಿನಲ್ಲಿ ಸಲ್ಲುವುದೆಂದರು! ಸ್ವತಂತ್ರ ಭಾರತವೂ ಅದನ್ನು ಬಿಡಲಿಲ್ಲ. 1973ರ ಸಂಹಿತೆಯ 378ನೆಯ ಕಲಮು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 419ನೆಯ ಕಲಮಾಗಿ ನಿಂತಿದೆ.

ಅಸ್ತ್ರವು ಉಳಿದುದರಿಂದಲೇ ಅದಕ್ಕೆ ಒರೆಯೂ ಬೇಕಾಯಿತು. 1934ರಲ್ಲಿ ಶಿಯೋ ಸ್ವರೂಪರ ಮೊಕದ್ದಮೆಯಲ್ಲಿ ಪ್ರಿವ್ಹಿ ಕೌನ್ಸಿಲು, ಹಾಯಕೋರ್ಟು ಸಾಕ್ಷ್ಯವನ್ನೆಲ್ಲ ಹೊಸತಾಗಿ ತೂಗಬಹುದೆಂದು ಒಪ್ಪಿ, ನಾಲ್ಕು ಮಾತುಗಳನ್ನು ಲಕ್ಷ್ಯದಲ್ಲಿಡಬೇಕೆಂದಿತು: ಸಾಕ್ಷಿದಾರರ ನಂಬಿಕೆಯ ವಿಷಯದಲ್ಲಿ ಕೆಳಗಿನ ನ್ಯಾಯಾಧೀಶನ ಅಭಿಪ್ರಾಯ, ಬಿಡುಗಡೆಯಿಂದ ಕುಂದದ ನಿರ್ದೋಷತ್ವದ ಭಾವನೆ, ಸಂಶಯದ ಲಾಭಕ್ಕೆ ಆಪಾದಿತನ ಹಕ್ಕು, ಸಾಕ್ಷಿದಾರರನ್ನು ಕಣ್ಣಾರೆ ಕಂಡವನ ನಿರ್ಣಯವನ್ನು ಕೆಡಿಸಲು ಇರಬೇಕಾದ ಹಿಂಜರಿಕೆ. 2007ರಲ್ಲಿ ಕರ್ನಾಟಕದಿಂದಲೇ ಹೋದ ಚಂದ್ರಪ್ಪನವರ ಮೊಕದ್ದಮೆಯಲ್ಲಿ ಸುಪ್ರೀಮ್ ಕೋರ್ಟು ಇದನ್ನೇ ಇನ್ನಷ್ಟು ಸ್ಪಷ್ಟಪಡಿಸಿತು: ಒಂದೇ ಸಾಕ್ಷ್ಯದಿಂದ ಯುಕ್ತವಾದ ಎರಡು ನಿರ್ಣಯಗಳು ಸಾಧ್ಯವಿರುವಲ್ಲಿ, ಬಿಡುಗಡೆಯ ನಿರ್ಣಯವನ್ನು ಮೇಲಿನ ನ್ಯಾಯಾಲಯವು ಕದಲಿಸಬಾರದು.

ಈ ಮಿತಿಯು ಕನ್ನಡಿಗನಿಗೆ ಬರಿಯ ಕಾಯಿದೆಯ ಸೂಕ್ಷ್ಮವಲ್ಲ. 1956ರ ಏಕೀಕರಣಕ್ಕೆ ಮೊದಲು ಧಾರವಾಡದ ಅಪೀಲು ಮುಂಬಯಿಗೆ ಹೋಗುತ್ತಿತ್ತು, ಮಂಗಳೂರಿನದು ಮದರಾಸಿಗೆ. ಈಗ ಬೆಂಗಳೂರು, ಧಾರವಾಡ, ಕಲಬುರಗಿಗಳಲ್ಲಿ ನಮ್ಮದೇ ಹಾಯಕೋರ್ಟಿನ ಪೀಠಗಳಿವೆ. ಆದರೂ ಸಂವಿಧಾನದ 348ನೆಯ ಅನುಚ್ಛೇದದ ಮೇರೆಗೆ ಅಲ್ಲಿಯ ವ್ಯವಹಾರವು ಇಂಗ್ಲಿಷಿನದೇ. ಹಳ್ಳಿಯ ಮುದುಕಿಯು ಕಟಕಟೆಯಲ್ಲಿ ನಿಂತು ಆಡಿದ ಮಾತು, ನಡುವೆ ತಡೆದ ಉಸಿರು, ತಪ್ಪಿಸಿದ ನೋಟ, ಇವನ್ನು ಕಂಡವನು ಕೆಳಗಿನ ನ್ಯಾಯಾಧೀಶನೊಬ್ಬನೇ. ಮೇಲಕ್ಕೆ ಏರುವುದು ಕಾಗದ. ಆ ಕಾಗದವನ್ನಷ್ಟೇ ಓದಿ, ಕಂಡವನು ಬಿಟ್ಟವನನ್ನು ಸೆರೆಗೆ ನೂಕುವುದಾದರೆ ಎಷ್ಟು ಎಚ್ಚರಿಕೆ ಬೇಕೆಂಬುದನ್ನು ವಾಚಕರೇ ಊಹಿಸಲಿ.

ಹಾಗಾದರೆ ಕೊಲೆಗಾರರು ನಗುತ್ತ ತಿರುಗಲಿ ಎನ್ನುವಿರಾ, ಎಂದು ಕೇಳುವವರುಂಟು. ಎಂದಿಗೂ ಇಲ್ಲ. ಕೆಳಗಿನ ನ್ಯಾಯಾಧೀಶನು ಮುಖ್ಯ ಸಾಕ್ಷ್ಯವನ್ನೇ ಕಡೆಗಣಿಸಿದ್ದರೆ, ಕಾಯಿದೆಯನ್ನು ತಪ್ಪಾಗಿ ತಿಳಿದಿದ್ದರೆ, ಯಾವ ವಿವೇಕಿಯೂ ಮಾಡದ ನಿರ್ಣಯವನ್ನು ಮಾಡಿದ್ದರೆ, ಹಾಯಕೋರ್ಟು ಅದನ್ನು ಕಿತ್ತೊಗೆಯಲೇಬೇಕು. 2009ರಿಂದ ನೊಂದವರಿಗೂ ಅಪೀಲಿನ ಹಕ್ಕು ದೊರೆತಿರುವುದು ಯೋಗ್ಯವೇ. ಆದರೆ ಪೋಲೀಸರ ತನಿಖೆಯ ದೌರ್ಬಲ್ಯವನ್ನು ಅಪೀಲಿನ ಬಲದಿಂದ ತುಂಬಿಕೊಡಲಾಗದು. ಕೆಟ್ಟ ಬಿತ್ತನೆಯ ದೋಷಕ್ಕೆ ಕಣದಲ್ಲಿ ರಾಶಿಯನ್ನು ಮತ್ತೆ ಮತ್ತೆ ತೂರಿದರೆ ಕಾಳು ಹೆಚ್ಚುವುದೇ? ನೊಂದವರ ಕಣ್ಣೀರಿಗೆ ಉತ್ತರವು ಮೊದಲ ದಿನದ ಪ್ರಾಮಾಣಿಕ ತನಿಖೆಯಲ್ಲಿದೆ.

ಬಿಡುಗಡೆಯಾದವನು ಮನೆಗೆ ಬಂದು, ಮಕ್ಕಳ ಮುಖ ನೋಡಿ, ನೊಗ ಕಟ್ಟಿ ಬಾಳನ್ನು ಮತ್ತೆ ಆರಂಭಿಸಿರುತ್ತಾನೆ. ಹಲವು ವರ್ಷಗಳ ತರುವಾಯ ಅವನನ್ನು ಆ ಹೊಲದಿಂದ ಎಬ್ಬಿಸಿ ಒಯ್ಯಬೇಕಾದರೆ, ನಮಗೆ ಬೇರೆ ತೋರುತ್ತದೆ ಎಂಬ ಕಾರಣವು ಸಾಲದು. ಮೊದಲಿನ ನಿರ್ಣಯವು ನಿಲ್ಲಲಾರದೆಂದು ತೋರಿಸಬೇಕು. ಈ ಮಿತಿಯನ್ನು ಸಡಿಲಿಸಿರೆನ್ನುವವರು, ನಾಳೆ ಕಟಕಟೆಯಲ್ಲಿ ತಮ್ಮ ಮಗನೇ ನಿಂತಿರುವನೆಂದು ಒಂದು ಗಳಿಗೆ ಭಾವಿಸಿ, ಆಮೇಲೆ ಮಾತನಾಡಲಿ.