ಮುಂದಿನ ಚಕ್ರವೂ ನಮ್ಮ ವಿದ್ಯೆಯೂ

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಮೋಟಾರು ಸೈಕಲ್ಲಿನ ಚಕ್ರಕ್ಕೇನು ಕೆಲಸವೆಂದು ಕೆಲವು ಮಿತ್ರರು ಹುಬ್ಬೇರಿಸಬಹುದು. ಕಾವ್ಯ, ಇತಿಹಾಸ, ಅರ್ಥಶಾಸ್ತ್ರಗಳಿಗೆ ಮೀಸಲಾದ ಪುಟಗಳಿಗೆ ಗ್ರೀಸಿನ ಕಲೆ ಹತ್ತಿಸುವುದು ಸರಿಯೇ? ಸರಿಯೆಂದೇ ನನ್ನ ಮತ. ಕೈಯಿಂದ ಮಾಡುವ ಕೆಲಸದಲ್ಲಿ ಬುದ್ಧಿಗೆ ಸ್ಥಾನವಿಲ್ಲವೆಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಆ ಭಾವನೆ ಎಷ್ಟು ಪೊಳ್ಳೆಂಬುದನ್ನು ತೋರಿಸಲು ಹಳೆಯ ಗಾಡಿಯೊಂದರ ಮುಂದಿನ ಚಕ್ರವೇ ಸಾಕು.

ಈ ವಿಷಯಕ್ಕೂ ನಮ್ಮ ನಾಡಿಗೂ ಇರುವ ನಂಟು ದೂರದ್ದಲ್ಲ. 1929ರಲ್ಲಿ ಜೆಕೊಸ್ಲೊವಾಕಿಯಾದಲ್ಲಿ ಹುಟ್ಟಿದ ಜಾವಾ ಮೋಟಾರು ಸೈಕಲ್ಲು 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗತೊಡಗಿತು. 1973ರ ನಂತರ ಯೆಜ್ಡಿ ಎಂಬ ಹೆಸರು ಪಡೆಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಎಂಬ ಹೆಸರು ಹೊಸ ಗಾಡಿಗಳ ಮೇಲೆ ಮರಳಿ ಬಂದಿತಾದರೂ, ಹಳೆಯವು ಇಂದಿಗೂ ಓಡುತ್ತಿರುವುದು ಬೀದಿ ಬದಿಯ ಮೇಸ್ತ್ರಿಗಳ ಕೈಚಳಕದಿಂದಲೇ. ಅವರಿಗೆ ವಯಸ್ಸಾಗುತ್ತಿದೆ, ಅವರು ಬಲ್ಲದ್ದನ್ನು ಬರೆದಿಟ್ಟವರು ವಿರಳ.

ಹಾಗಾದರೆ ಅವರು ಬಲ್ಲದ್ದೇನು? ರಜಾ ದಿನಗಳಲ್ಲಿ ನಮ್ಮೂರಿನ ಒಬ್ಬ ಮೇಸ್ತ್ರಿಯ ಪಕ್ಕದಲ್ಲಿ ನಿಂತು ನಾನು ಕಂಡುದನ್ನು ಹೇಳುತ್ತೇನೆ.

ಮೊದಲನೆಯದಾಗಿ, ಚಕ್ರ ತನ್ನಷ್ಟಕ್ಕೆ ತಾನು ನೆಟ್ಟಗಿರಬೇಕು. ಆಕ್ಸಲನ್ನು ಸಮತಟ್ಟಾದ ಗಾಜಿನ ಮೇಲೆ ಉರುಳಿಸಿದರೆ ಅದು ಬಾಗಿದೆಯೇ ಇಲ್ಲವೇ ಎಂಬುದು ತಿಳಿಯುತ್ತದೆ. ರಿಮ್ಮು ಓಲಾಡುತ್ತಿದ್ದರೆ ಕಡ್ಡಿಗಳಿಂದ ಬೆಂಡು ತೆಗೆಯಬೇಕು. ರಿಮ್ಮು ಬಲಕ್ಕೆ ಬರಬೇಕಾದರೆ ಹಬ್ಬಿನ ಬಲಬದಿಗೆ ಹೋಗುವ ಕಡ್ಡಿಗಳನ್ನು ತುಸು ಬಿಗಿಸಿ, ಎಡದವನ್ನು ಅಷ್ಟೇ ಸಡಿಲಿಸುವುದು ಕ್ರಮ. ಒಮ್ಮೆಗೆ ಕಾಲು ಸುತ್ತು, ಹೆಚ್ಚೆಂದರೆ ಅರ್ಧ ಸುತ್ತು. ಆತುರಪಟ್ಟು ಒಂದೇ ಕಡ್ಡಿಯನ್ನು ಎಳೆದರೆ ಒಂದು ಕಡೆಯ ಡೊಂಕು ಇನ್ನೊಂದು ಕಡೆಗೆ ಹೋಗುವುದೇ ಹೊರತು ಮಾಯವಾಗುವುದಿಲ್ಲ.

ಎರಡನೆಯದು, ಚಕ್ರವನ್ನು ಫೋರ್ಕಿಗೆ ಕೂಡಿಸುವ ಕೆಲಸ. ಬ್ರೇಕಿನ ತಟ್ಟೆಯನ್ನು ತಿರುಗದಂತೆ ಹಿಡಿಯುವ ಕಚ್ಚು ಫೋರ್ಕಿನ ಕಾಲಿನಲ್ಲಿ ಸರಿಯಾಗಿ ಕೂತಿದೆಯೇ ಎಂಬುದನ್ನು ಇಲ್ಲಿ ನೋಡಲೇಬೇಕು. ಕೂರದಿದ್ದರೆ, ಬ್ರೇಕು ಹಿಡಿದ ಕ್ಷಣ ತಟ್ಟೆಯೂ ಚಕ್ರದೊಡನೆ ಸುತ್ತಿ, ಚಕ್ರ ಕಚ್ಚಿಕೊಂಡು ಸವಾರನನ್ನು ಎತ್ತಿ ಎಸೆಯಬಹುದು. ಆಮೇಲೆ ಚಕ್ರವನ್ನು ತಿರುಗಿಸಿ ಬ್ರೇಕನ್ನು ಒತ್ತಿ ಹಿಡಿದುಕೊಂಡೇ ಆಕ್ಸಲಿನ ನಟ್ಟು ಬಿಗಿಸುತ್ತಾರೆ. ಬ್ರೇಕಿನ ಶೂಗಳು ಡ್ರಮ್ಮಿನ ನಡುವೆ ಸಮನಾಗಿ ಕೂರಲಿ ಎಂಬುದೇ ಇದರ ಉದ್ದೇಶ.

ಇನ್ನು ನನಗೆ ಅತ್ಯಂತ ಹಿಡಿಸಿದ ಮಾತು. ಅನೇಕ ಹಳೆಯ ಗಾಡಿಗಳಲ್ಲಿ ಫೋರ್ಕಿನ ಒಂದು ಕಾಲಿನ ತುದಿಯಲ್ಲಿ ಆಕ್ಸಲನ್ನು ಅವುಚಿ ಹಿಡಿಯುವ ಬೋಲ್ಟು ಒಂದಿರುತ್ತದೆ. ಹೊಸಬನು ಕಂಡ ಬೋಲ್ಟನ್ನೆಲ್ಲ ಮೊದಲೇ ಬಿಗಿದುಬಿಡುತ್ತಾನೆ. ಬಲ್ಲವನಾದರೋ ಇದೊಂದನ್ನು ಸಡಿಲವಾಗಿ ಬಿಟ್ಟು, ಗಾಡಿಯನ್ನು ಸ್ಟಾಂಡಿನಿಂದಿಳಿಸಿ, ಹ್ಯಾಂಡಲನ್ನು ನಾಲ್ಕಾರು ಬಾರಿ ಕೆಳಕ್ಕೆ ಒತ್ತಿ ಬಿಡುತ್ತಾನೆ. ಆಗ ಆ ಕಾಲು ಆಕ್ಸಲಿನ ಮೇಲೆ ಸರಿದು, ಜೊತೆಯ ಕಾಲಿಗೆ ಸಮಾನಾಂತರವಾಗಿ ತನ್ನ ಜಾಗವನ್ನು ತಾನೇ ಕಂಡುಕೊಳ್ಳುತ್ತದೆ. ಬೋಲ್ಟನ್ನು ಬಿಗಿಸುವುದು ಆಮೇಲೆ. ಈ ಕ್ರಮ ತಪ್ಪಿದರೆ ಎರಡು ಕಾಲುಗಳೂ ಒಂದನ್ನೊಂದು ಸೆಳೆದು, ಫೋರ್ಕು ಸರಾಗವಾಗಿ ಆಡದೆ ಪ್ರತಿ ಗುಂಡಿಯ ಪೆಟ್ಟನ್ನೂ ಸವಾರನ ತೋಳಿಗೆ ಸಾಗಿಸುತ್ತದೆ.

ಕೊನೆಯದು ದಾರದ ಪರೀಕ್ಷೆ. ಹಿಂದಿನ ಟೈರಿನ ಹಿಂಬದಿಯಿಂದ ಎರಡೂ ಪಕ್ಕಕ್ಕೆ ದಾರವನ್ನು ಮುಂದಕ್ಕೆಳೆದು, ಅದು ಹಿಂದಿನ ಟೈರಿನ ಮುಂಬದಿಯನ್ನು ಸೋಕುವಂತೆ ಹಿಡಿಯುತ್ತಾರೆ. ಹ್ಯಾಂಡಲು ನೇರವಾಗಿದ್ದಾಗ ಮುಂದಿನ ಟೈರು ಎರಡು ದಾರಗಳ ನಟ್ಟನಡುವೆ ಇರಬೇಕು. ಇರದಿದ್ದರೆ? ನಾವು ಮುಂದಿನ ಚಕ್ರವನ್ನೇ ದೂರುತ್ತೇವೆ. ಮೇಸ್ತ್ರಿಯಾದರೋ ಮೊದಲು ಹಿಂದಕ್ಕೆ ಹೋಗಿ, ಚೈನು ಬಿಗಿಸುವ ತಿರುಪುಗಳು ಎರಡು ಕಡೆಯೂ ಸಮನಾಗಿವೆಯೇ ಎಂದು ನೋಡುತ್ತಾರೆ. ಹಿಂದಿನ ಚಕ್ರ ಓರೆಯಾಗಿದ್ದರೂ ತಪ್ಪು ಕಾಣಿಸಿಕೊಳ್ಳುವುದು ಮುಂದೆ!

ಇದನ್ನು ಬರಿಯ ಕೈಕೆಲಸವೆನ್ನಲು ಹೇಗೆ ಸಾಧ್ಯ? ಕಂಡ ಲಕ್ಷಣದಿಂದ ಕಾಣದ ಕಾರಣಕ್ಕೆ ಹೋಗುವುದು, ಒಂದೊಂದೇ ಸಂದೇಹವನ್ನು ಪರೀಕ್ಷಿಸಿ ಬಿಡುವುದು, ಕೊನೆಯ ನಿರ್ಣಯವನ್ನು ಸಕಾಲದವರೆಗೆ ತಡೆದು ಹಿಡಿಯುವುದು, ಇವು ತರ್ಕಶಾಸ್ತ್ರದ ತರಗತಿಯಲ್ಲಿ ನಾವು ಕಲಿಯಬೇಕಾದ ಗುಣಗಳೇ ಅಲ್ಲವೆ? ನಾವಾದರೋ ಟಿಪ್ಪಣಿಗಳನ್ನು ಉರು ಹೊಡೆದು ಪರೀಕ್ಷೆ ದಾಟುತ್ತೇವೆ. ತಪ್ಪಿದರೆ ಅಂಕಗಳು ಹೋದಾವು, ಅಷ್ಟೆ. ಮೇಸ್ತ್ರಿ ತಪ್ಪಿದರೆ ಒಬ್ಬನ ಪ್ರಾಣಕ್ಕೇ ಸಂಚಕಾರ. ಹೀಗಿದ್ದೂ ನಾವು ಅವರನ್ನು ಏಕವಚನದಲ್ಲಿ ಕರೆಯುತ್ತೇವೆ. ಕೆಲಸ ಮುಗಿದೊಡನೆ ಕೂಲಿಗೆ ಚೌಕಾಶಿ ಮಾಡುತ್ತೇವೆ.

ಎಲ್ಲರೂ ಮೇಸ್ತ್ರಿಗಳಾಗಬೇಕೇ ಎಂದು ಕೇಳುವವರುಂಟು. ಹಾಗೆಂದು ನಾನು ಹೇಳುತ್ತಿಲ್ಲ. ಸಂಗೀತವನ್ನು ಆಸ್ವಾದಿಸಲು ಎಲ್ಲರೂ ವಿದ್ವಾಂಸರಾಗಬೇಕಿಲ್ಲ; ಆದರೆ ಶ್ರುತಿಯೆಂದರೇನೆಂದು ತಿಳಿದಿರಬೇಕು. ಇಂದಿನ ಹೊಸ ಗಾಡಿಗಳಿಗೆ ಈ ಹಳೆಯ ವಿದ್ಯೆ ಬೇಡವೆಂಬ ಮಾತೂ ಪೂರ್ತಿ ನಿಜವಲ್ಲ. ಕಡ್ಡಿಗಳಿಲ್ಲದ ಚಕ್ರಗಳು ಬಂದಿರಬಹುದು. ಎರಡು ಚಕ್ರಗಳೂ ಒಂದೇ ಜಾಡಿನಲ್ಲಿ ಓಡಬೇಕೆಂಬ ನಿಯಮ ಮಾತ್ರ ಬದಲಾಗಿಲ್ಲ.

ಆದುದರಿಂದ ಅಧ್ಯಾಪಕರಲ್ಲೂ ಸಹಪಾಠಿಗಳಲ್ಲೂ ನನ್ನದೊಂದು ವಿಜ್ಞಾಪನೆ. ನಮ್ಮ ಸಂಘದ ಆಶ್ರಯದಲ್ಲಿ ವರ್ಷಕ್ಕೊಮ್ಮೆಯಾದರೂ ಇಂಥ ಒಬ್ಬ ಕುಶಲಿಯನ್ನು ಕರೆಸೋಣ. ಸಾಹಿತಿಗಳಿಗೆ ಹಾಕುವ ಕುರ್ಚಿಯನ್ನೇ ಅವರಿಗೂ ಹಾಕೋಣ. ಅವರು ಬಿಚ್ಚಿ ತೋರಿಸಲಿ, ನಾವು ಅವರದೇ ಮಾತಿನಲ್ಲಿ ಬರೆದುಕೊಳ್ಳೋಣ. ಬೆಂಡು, ಬಿಗಿ, ಕಚ್ಚು, ಓರೆ ಎಂಬ ಅವರ ಪದಗಳು ನಮ್ಮ ಭಾಷೆಯ ಆಸ್ತಿ, ಕನ್ನಡ ಎಂ.ಎ. ಮಾಡುವವರಿಗೆ ಅಲ್ಲಿ ಒಂದು ಪ್ರಬಂಧಕ್ಕಾಗುವಷ್ಟು ಸಾಮಗ್ರಿ ಇದೆ. ಖರ್ಚು ಹೆಚ್ಚೇನೂ ಆಗದು. ಬರುವ ವರ್ಷದ ಕಾರ್ಯಕ್ರಮಗಳ ಪಟ್ಟಿ ತಯಾರಾಗುವ ಮೊದಲೇ ಕಾರ್ಯದರ್ಶಿಗಳು ಇದನ್ನು ಸಭೆಯ ಮುಂದಿಡಬೇಕೆಂದು ಕೋರುತ್ತೇನೆ.