ಲೇಬಲ್ ಮೇಲೆ ಅವಳದೇ ಹೆಸರು

ರಮಝಾನ್ ಬಂತೆಂದರೆ ನಮ್ಮ ಮನೆಗಳ ವಾಟ್ಸಾಪ್ ಸ್ಟೇಟಸ್ ಒಂದು ಸಣ್ಣ ಸಂತೆಯೇ ಆಗಿಬಿಡುತ್ತದೆ. ಸಮೋಸ, ಪತ್ತಿರಿ, ಮೀನಿನ ಮಸಾಲೆ, ಕೇಕ್, ಹೊಲಿದ ಅಬಾಯಾ, ಮೆಹಂದಿ ಕೋನ್ ಎಲ್ಲವೂ ಉಂಟು. ಘಟ್ಟದ ಕೆಳಗೆ ಉಳ್ಳಾಲದಲ್ಲಿರಲಿ, ಘಟ್ಟದ ಮೇಲೆ ಹೊಳಲ್ಕೆರೆ ತಾಲೂಕಿನ ರಾಮಗಿರಿಯಲ್ಲಿರಲಿ, ಕೈಯಲ್ಲಿ ಮೊಬೈಲ್ ಇದ್ದರೆ ಅಡುಗೆಮನೆಯೇ ಅಂಗಡಿ.

ಇದು ಸಣ್ಣ ಬದಲಾವಣೆ ಅಲ್ಲ. ಕರಾವಳಿಯಲ್ಲಿ ನಮ್ಮ ಉಮ್ಮಂದಿರ ಮನೆ ಉದ್ಯೋಗ ಅಂದರೆ ಬೀಡಿ. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತರುವುದು, ಸುರುಟಿ ಕಟ್ಟಿ ವಾಪಸ್ ಕೊಡುವುದು, ಸಾವಿರ ಬೀಡಿಗೆ ಇಷ್ಟು ಎಂದು ಮಜೂರಿ ಪಡೆಯುವುದು. ಕಟ್ಟಿನ ಮೇಲಿನ ಲೇಬಲ್ ಮಾತ್ರ ಕಂಪನಿಯದ್ದು. ಸುರುಟಿದವಳು ಯಾರೆಂದು ಸೇದುವವನಿಗೆ ಗೊತ್ತೇ ಇರಲಿಲ್ಲ. ಇಂದು ಮಗಳು ಮಾಡುವ ಉಪ್ಪಿನಕಾಯಿ ಬಾಟಲಿಯ ಮೇಲೆ ಅವಳದೇ ಹೆಸರು. ಹೊಗಳಿಕೆ ಅವಳಿಗೆ, ದೂರೂ ಅವಳಿಗೇ. ‘ಬ್ರ್ಯಾಂಡ್’ ಎಂದು ದೊಡ್ಡ ಮಾತಲ್ಲಿ ಹೇಳುವುದು ಇದನ್ನೇ.

ರಾಮಗಿರಿಯಂಥ ಊರಲ್ಲಿ ಯಾರ ಕೈರುಚಿ ಹೇಗೆಂದು ಬೀದಿಗೆಲ್ಲ ಗೊತ್ತಿರುತ್ತದೆ. ಹಿರಿಯೂರಿನಲ್ಲೋ ಹೊಸದುರ್ಗದಲ್ಲೋ ಕುಳಿತು ಆರ್ಡರ್ ಮಾಡುವವರಿಗೆ ಕಾಣುವುದು ಫೋಟೊ ಮತ್ತು ನಾಲ್ಕು ಮಾತು ಮಾತ್ರ. ಆ ಫೋಟೊ ಗೂಗಲ್‌ನಿಂದ ಎತ್ತಿದ್ದಾದರೆ, ಹೋಲ್‌ಸೇಲ್‌ನಲ್ಲಿ ತಂದದ್ದನ್ನು ‘ಮನೆಯಲ್ಲೇ ಮಾಡಿದ್ದು’ ಎಂದರೆ, ಮೊದಲ ಆರ್ಡರ್ ಬರಬಹುದು, ಎರಡನೆಯದು ಬರುವುದಿಲ್ಲ.

ಚಿತ್ರದುರ್ಗ ಜಿಲ್ಲೆಯಲ್ಲೇ ಇದಕ್ಕೊಂದು ಪಾಠ ಉಂಟು. ಮೊಳಕಾಲ್ಮೂರು ರೇಷ್ಮೆ ಸೀರೆಗೆ ಜಿಐ ಟ್ಯಾಗ್ ಸಿಕ್ಕಿದೆ. ಆ ಹೆಸರು ನಿಂತಿರುವುದು ನೇಕಾರರ ಕೈಕೆಲಸದ ಮೇಲೆ. ಬೇರೆಲ್ಲೋ ನೇಯ್ದ ಸೀರೆಗೆ ಅದೇ ಹೆಸರು ಅಂಟಿಸಿದರೆ ಮೋಸ ಹೋಗುವುದು ಕೊಂಡವರು ಮಾತ್ರವಲ್ಲ, ಮಗ್ಗದ ಮುಂದೆ ಕುಳಿತವರೂ ಹೌದು. ಮನೆ ವ್ಯಾಪಾರದಲ್ಲೂ ಹಾಗೆಯೇ. ಒಬ್ಬರು ಮಾಡಿದ ಮೋಸಕ್ಕೆ ಪ್ರಾಮಾಣಿಕವಾಗಿ ದುಡಿಯುವ ಹತ್ತು ಮನೆಯವರ ಮಾತನ್ನೂ ಜನ ನಂಬುವುದಿಲ್ಲ.

ಕಾನೂನೂ ಇದನ್ನು ನೋಡುತ್ತದೆ. ‘ಈ ಪುಡಿ ತಿಂದರೆ ಶುಗರ್ ಹೋಗುತ್ತದೆ’ ಎಂಬಂಥ ಮಾತು ದಾರಿ ತಪ್ಪಿಸುವ ಜಾಹೀರಾತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಇಂಥದ್ದಕ್ಕೆ 10 ಲಕ್ಷ ರೂ.ವರೆಗೆ ದಂಡ ಹಾಕಲು ಅವಕಾಶ ಇದೆ. ಉಚಿತವಾಗಿ ಕೇಕ್ ಪಡೆದು ರೀಲ್ಸ್ ಮಾಡಿದವರು ಅದನ್ನು ವಿಡಿಯೊದಲ್ಲೇ ಹೇಳಬೇಕು ಎಂದು ಕೇಂದ್ರ ಸರ್ಕಾರ 2023ರ ಜನವರಿಯಲ್ಲೇ ತಿಳಿಸಿದೆ. ತಿಂಡಿ ಮಾರುವವರು ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ ಆ 14 ಅಂಕಿಯ ನಂಬರನ್ನು ಲೇಬಲ್ ಮೇಲೆ ಹಾಕಬೇಕು. ಉದ್ಯಮ್ ನೋಂದಣಿ ಆನ್‌ಲೈನಿನಲ್ಲಿ ಪೂರ್ತಿ ಉಚಿತ, ಶುಲ್ಕ ಉಂಟೆಂದು ಯಾರು ಕೇಳಿದರೂ ಕೊಡಬೇಡಿ.

‘ಮುಖ ತೋರಿಸದೆ ಜನ ನಂಬುವುದು ಹೇಗೆ?’ ಎಂದು ಕೆಲವು ಸಹೋದರಿಯರು ಕೇಳುತ್ತಾರೆ. ಮುಖ ತೋರಿಸಲೇಬೇಕೆಂದು ಎಲ್ಲಿಯೂ ಇಲ್ಲ. ಹಿಟ್ಟು ನಾದುವ ಕೈ, ಒಲೆಯ ಮೇಲಿನ ಪಾತ್ರೆ, ನಮ್ಮದೇ ಮಾತಿನ ಧಾಟಿ ಸಾಕು. ಏನೇನು ಹಾಕಿದ್ದೇವೆ, ಯಾವತ್ತು ಮಾಡಿದ್ದು, ಎಷ್ಟು ದಿನ ಇಡಬಹುದು, ರೇಟ್ ಎಷ್ಟು ಎಂಬುದನ್ನು ಬಿಡಿಸಿ ಬರೆಯಿರಿ. ‘ಉಪ್ಪು ಜಾಸ್ತಿಯಾಗಿದೆ’ ಎಂದವರನ್ನು ಬ್ಲಾಕ್ ಮಾಡಬೇಡಿ, ಉತ್ತರ ಕೊಡಿ. ಆ ಉತ್ತರವನ್ನು ನೋಡಿಯೇ ಇನ್ನೊಬ್ಬರು ಆರ್ಡರ್ ಮಾಡುವುದುಂಟು.

ಕೊನೆಯದಾಗಿ ಲೆಕ್ಕದ ಮಾತು. 2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಎಷ್ಟೋ ಅಂಗಡಿಗಳಲ್ಲಿ ‘ನೋ ಯುಪಿಐ’ ಬೋರ್ಡ್ ಬಿತ್ತು. ವರ್ಷದ ವಹಿವಾಟು ವಸ್ತುಗಳಿಗೆ 40 ಲಕ್ಷ, ಸೇವೆಗೆ 20 ಲಕ್ಷ ರೂ. ದಾಟಿದರೆ ಮಾತ್ರ ಜಿಎಸ್‌ಟಿ ನೋಂದಣಿಯ ಪ್ರಶ್ನೆ. ಹೆಚ್ಚಿನ ಮನೆ ವ್ಯಾಪಾರ ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಗಲ್ಫಿನಿಂದ ಅಣ್ಣ ಕಳಿಸಿದ ಹಣ, ಮಗನ ಸಂಬಳ, ಕೇಕಿನ ದುಡ್ಡು ಎಲ್ಲವೂ ಒಂದೇ ಖಾತೆಯಲ್ಲಿದ್ದರೆ ಯಾವುದು ಯಾವುದೆಂದು ಬಿಡಿಸಿ ಹೇಳುವುದು ಕಷ್ಟ.

ಹಾಗಾಗಿ ವ್ಯಾಪಾರಕ್ಕೆ ಬೇರೆ ಖಾತೆ ಇರಲಿ, ಅದು ದುಡಿಯುವವಳ ಹೆಸರಲ್ಲೇ ಇರಲಿ. ನಮ್ಮ ಮನೆಗಳು ಯೋಚಿಸಬೇಕಾದದ್ದು ಇಲ್ಲಿಯೇ. ಬಾಟಲಿ ಮೇಲೆ ಅವಳ ಹೆಸರು, ಕ್ಯೂಆರ್ ಕೋಡ್ ಮಾತ್ರ ಗಂಡನದ್ದೋ ಮಗನದ್ದೋ ಆದರೆ, ಬೀಡಿ ಕಟ್ಟಿನ ಹಳೆಯ ಕಥೆಯೇ ಮುಂದುವರಿದಂತೆ ಅಲ್ವಾ?